ಟ್ಯೂಲಿಪ್ ಅರಳುವ ವಾರ ಶ್ರೀನಗರದಲ್ಲಿರಬೇಕೆಂದರೆ

ಮೊದಲ ಸಲ ನಾನು ಅಮ್ಮನನ್ನು ಕರೆದುಕೊಂಡು ಶ್ರೀನಗರದ ಟ್ಯೂಲಿಪ್ ತೋಟಕ್ಕೆ ಹೋದದ್ದು ಏಪ್ರಿಲ್ ಕೊನೆಯ ವಾರದಲ್ಲಿ. ಮಕ್ಕಳ ಪರೀಕ್ಷೆ ಮುಗಿಯಲಿ, ಕಚೇರಿಯಲ್ಲಿ ರಜೆ ಸಿಗಲಿ, ಟಿಕೆಟ್ ದರ ಇಳಿಯಲಿ ಎಂದು ಎಲ್ಲವನ್ನೂ ನಮ್ಮ ಅನುಕೂಲಕ್ಕೆ ನೋಡಿಕೊಂಡು ದಿನ ಗೊತ್ತುಮಾಡಿದ್ದೆವು. ಪ್ರವಾಸ ಏರ್ಪಡಿಸಿದವರೂ ‘ಏಪ್ರಿಲ್ ಪೂರ್ತಿ ಹೂವಿರುತ್ತದೆ’ ಎಂದಿದ್ದರು. ಒಳಗೆ ಕಾಲಿಟ್ಟಾಗ ಮಾಲಿಗಳು ಸಾಲಿನುದ್ದಕ್ಕೂ ಕುಕ್ಕರಗಾಲಲ್ಲಿ ಕುಳಿತು, ಬಾಡಿದ ಹೂಗಳನ್ನು ಚಿವುಟಿ ಬುಟ್ಟಿಗೆ ಹಾಕುತ್ತಿದ್ದರು. ಪಾತಿಗಳಲ್ಲಿ ಉಳಿದದ್ದು ಬೋಳು ದಂಟು, ಅಗಲವಾದ ಎಲೆ, ಅಲ್ಲೊಂದು ಇಲ್ಲೊಂದು ತಡವಾಗಿ ಅರಳಿದ ನೇರಳೆ ಹೂ. ಅಮ್ಮ ಬಿದ್ದಿದ್ದ ಎಸಳೊಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಏನೂ ಹೇಳಲಿಲ್ಲ.

ಎರಡು ವರ್ಷದ ನಂತರ, ಈ ಸಲ ಹೂವಿನ ಲೆಕ್ಕಕ್ಕೆ ನಮ್ಮ ದಿನಗಳನ್ನು ಹೊಂದಿಸಿಕೊಂಡು, ಮತ್ತೆ ಹೋದೆವು. ಆ ಎರಡು ಪ್ರವಾಸಗಳಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಗುಲ್ಮಾರ್ಗ್, ಪಹಲ್ಗಾಮ್, ಸೋನಮಾರ್ಗಗಳನ್ನು ಐದು ದಿನದಲ್ಲಿ ಮುಗಿಸಿ, ನಡುವೆ ಒಂದು ಗಂಟೆ ಟ್ಯೂಲಿಪ್ ನೋಡಿ ಬರುವವರಿಗಾಗಿ ಬರೆದದ್ದಲ್ಲ ಇದು. ಶ್ರೀನಗರ ಒಂದನ್ನೇ ನಾಲ್ಕು ರಾತ್ರಿ ಇದ್ದು ನೋಡಬೇಕು ಎನ್ನುವವರಿಗೆ.

ಮೊದಲು ದಿನ ಹಿಡಿಯಿರಿ

ಈ ತೋಟದ ಪೂರ್ಣ ಹೆಸರು ಇಂದಿರಾ ಗಾಂಧಿ ಸ್ಮಾರಕ ಟ್ಯೂಲಿಪ್ ಉದ್ಯಾನ. ಹಳೆಯ ಹೆಸರು ಸಿರಾಜ್ ಬಾಗ್. ಜಬರ್ವಾನ್ ಬೆಟ್ಟಸಾಲಿನ ಬುಡದಲ್ಲಿ, ದಾಲ್ ಸರೋವರಕ್ಕೆ ಮುಖಮಾಡಿ, ಸುಮಾರು 30 ಹೆಕ್ಟೇರ್ ಇಳಿಜಾರಿನಲ್ಲಿ ಮಜಲು ಮಜಲಾಗಿ ಹಬ್ಬಿದೆ. ಏಷ್ಯಾದಲ್ಲೇ ಅತಿ ದೊಡ್ಡ ಟ್ಯೂಲಿಪ್ ತೋಟ ಎಂಬ ಹೆಸರು ಇದಕ್ಕಿದೆ. 2025ರಲ್ಲಿ ಇಲ್ಲಿ ನೆಟ್ಟ ಗೆಡ್ಡೆಗಳ ಸಂಖ್ಯೆ ಸುಮಾರು 17 ಲಕ್ಷ. ವರ್ಷದಲ್ಲಿ ಇದರ ಬಾಗಿಲು ಜನರಿಗೆ ತೆರೆದಿರುವುದು ಹೆಚ್ಚುಕಡಿಮೆ ಒಂದು ತಿಂಗಳು ಮಾತ್ರ.

ಆ ತಿಂಗಳು ಎಂದು ಶುರುವಾಗುತ್ತದೆ ಎಂಬುದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ಹವೆ ಹೇಳುತ್ತದೆ. 2023ರಲ್ಲಿ ಮಾರ್ಚ್ 19ಕ್ಕೆ ತೆರೆದರು, 2024ರಲ್ಲಿ ಮಾರ್ಚ್ 23ಕ್ಕೆ, 2025ರಲ್ಲಿ ಮಾರ್ಚ್ 26ಕ್ಕೆ. ಬೇಗ ಅರಳುವ, ನಡುವೆ ಅರಳುವ, ತಡವಾಗಿ ಅರಳುವ ತಳಿಗಳನ್ನು ಬೆರೆಸಿ ನೆಡುವುದರಿಂದ ಇಡೀ ತೋಟ ಒಂದೇ ದಿನ ಅರಳಿ ಒಂದೇ ದಿನ ಬಾಡುವುದಿಲ್ಲ. ಮೊದಲ ವಾರದಲ್ಲಿ ಡ್ಯಾಫೋಡಿಲ್ ಮತ್ತು ಹಯಸಿಂತ್ ಹೂಗಳೇ ಹೆಚ್ಚು, ಟ್ಯೂಲಿಪ್ ಪಾತಿಗಳಲ್ಲಿ ಅರ್ಧಕ್ಕರ್ಧ ಮೊಗ್ಗು. ಎರಡನೆಯ ವಾರದಿಂದ ಮೂರನೆಯ ವಾರದ ಅರ್ಧದವರೆಗೆ ತೋಟ ತುಂಬಿಕೊಂಡಿರುತ್ತದೆ. ಅಲ್ಲಿಂದ ಮುಂದೆ ಅಂಚು ಕತ್ತರಿಸಿದಂತಿರುವ ತಳಿಗಳು, ಗಿಳಿಯ ಪುಕ್ಕದಂಥ ತಳಿಗಳು ಉಳಿಯುತ್ತವೆ. ಅವೂ ಚೆಂದವೇ, ಆದರೆ ಮುಂದಿನ ಸಾಲುಗಳು ಖಾಲಿಯಾಗುತ್ತಾ ಬಂದಿರುತ್ತವೆ. ಬಿಸಿಲು ಜೋರಾದರೆ ಎಲ್ಲವೂ ನಾಲ್ಕಾರು ದಿನ ಬೇಗ ಮುಗಿಯುತ್ತದೆ. ಜೋರು ಮಳೆ ಬಂದರೆ ಅರಳಿದ ಎಸಳು ನಿಲ್ಲುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಇಷ್ಟು. ವಿಮಾನದ ಟಿಕೆಟನ್ನು ತಿಂಗಳುಗಳ ಮುಂಚೆಯೇ ಮಾಡಿಸುವವರು ಏಪ್ರಿಲ್ 2ರಿಂದ 10ರ ಒಳಗಿನ ದಿನಗಳನ್ನು ಹಿಡಿಯಿರಿ. ಮೇಲೆ ಹೇಳಿದ ವರ್ಷಗಳಲ್ಲಿ 2024, 2025ಕ್ಕೆ ಆ ವಾರ ಸರಿಹೊಂದುತ್ತಿತ್ತು, 2023ಕ್ಕೆ ಅದರ ಮೊದಲ ದಿನಗಳು. ಕೊನೆಯ ಗಳಿಗೆಯಲ್ಲಿ ಹೊರಡಲು ಸಾಧ್ಯವಿರುವವರು ಮಾರ್ಚ್ ನಡುವಿನಲ್ಲಿ ಜಮ್ಮು ಮತ್ತು ಕಾಶ್ಮೀರದ ಪುಷ್ಪಕೃಷಿ ಇಲಾಖೆ ಹೊರಡಿಸುವ ಪ್ರಕಟಣೆಗೆ ಕಾದು, ತೆರೆದ ದಿನಕ್ಕೆ ಹತ್ತು ದಿನ ಕೂಡಿಸಿ ಹೋಗಿ. ನಿಮ್ಮ ವಾರದೊಳಗೆ ಭಾನುವಾರ ಬಂದರೆ ಆ ದಿನವನ್ನು ತೋಟಕ್ಕೆ ಇಟ್ಟುಕೊಳ್ಳಬೇಡಿ. ಊರಿನವರೆಲ್ಲ ಮನೆಮಂದಿಯೊಂದಿಗೆ ಅಲ್ಲಿಗೇ ಬರುತ್ತಾರೆ, ಸರೋವರದ ದಡದ ಬುಲೆವಾರ್ಡ್ ರಸ್ತೆಯಲ್ಲಿ ವಾಹನಗಳು ತೆವಳುತ್ತವೆ.

ಟಿಕೆಟ್, ಸಿಮ್, ವಸತಿ

ಬೆಂಗಳೂರಿನಿಂದ ಹೋಗುವವರಲ್ಲಿ ಹೆಚ್ಚಿನವರು ದೆಹಲಿಯಲ್ಲಿ ವಿಮಾನ ಬದಲಿಸುತ್ತಾರೆ. ದೆಹಲಿಯಿಂದ ಶ್ರೀನಗರಕ್ಕೆ ಹೋಗುವಾಗ ಬಲಗಡೆಯ ಕಿಟಕಿ ಕೇಳಿ ಪಡೆಯಿರಿ, ಹಿಮಾಲಯದ ಸಾಲು ಆ ಕಡೆಗೇ ಕಾಣುವುದು. ರೈಲಿನ ಮೋಹವಿರುವವರಿಗೆ ಈಗ ಇನ್ನೊಂದು ದಾರಿ ತೆರೆದಿದೆ. 2025ರ ಜೂನ್‌ನಲ್ಲಿ ಜಮ್ಮು ಬಳಿಯ ಕಟ್ರಾ ಮತ್ತು ಶ್ರೀನಗರದ ನಡುವೆ ವಂದೇ ಭಾರತ್ ಓಡಾಟ ಶುರುವಾಯಿತು. ಸುಮಾರು ಮೂರು ಗಂಟೆಯ ಪಯಣದಲ್ಲಿ, ನದಿಯಿಂದ 359 ಮೀಟರ್ ಎತ್ತರದ ಚಿನಾಬ್ ಸೇತುವೆಯನ್ನು ದಾಟುತ್ತೀರಿ.

ಮೊಬೈಲ್ ವಿಷಯವನ್ನು ಮರೆಯಬೇಡಿ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಮನೆಯಲ್ಲಿ ಒಬ್ಬರಾದರೂ ಹೊರಡುವ ಮುನ್ನ ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಂಡರೆ ಸಾಕು. ವಿಮಾನ ಇಳಿದ ಮೇಲೆ ಸಿಗ್ನಲ್ ಇಲ್ಲದೆ, ಹೋಟೆಲಿನವರ ಸಂಖ್ಯೆಯೂ ನೆನಪಿಲ್ಲದೆ ನಿಂತ ಕುಟುಂಬಗಳನ್ನು ನಾನು ಎರಡು ಸಲವೂ ಕಂಡಿದ್ದೇನೆ.

ವಸತಿಗೆ ಮೂರು ಕಡೆ ನೋಡಬಹುದು. ಬುಲೆವಾರ್ಡ್ ರಸ್ತೆಯ ಹೋಟೆಲುಗಳು ತೋಟಕ್ಕೆ ಹತ್ತಿರ, ಗಲಾಟೆ ಹೆಚ್ಚು. ಲಾಲ್ ಚೌಕದ ಆಸುಪಾಸು ಹಳೆಯ ಊರಿಗೂ ಮಾರುಕಟ್ಟೆಗೂ ಅನುಕೂಲ. ಹೌಸ್‌ಬೋಟ್ ಬೇಕೆಂದರೆ ದಾಲ್‌ಗಿಂತ ನಿಗೀನ್ ಸರೋವರದ ಕಡೆ ನೋಡಿ, ಅಲ್ಲಿ ಸದ್ದು ಕಡಿಮೆ. ಆದರೆ ವಯಸ್ಸಾದವರು ಜೊತೆಗಿದ್ದರೆ ಎಲ್ಲ ರಾತ್ರಿಗಳನ್ನೂ ಹೌಸ್‌ಬೋಟಿನಲ್ಲಿ ಕಳೆಯುವ ಯೋಚನೆ ಬೇಡ. ಪ್ರತಿ ಸಲ ಹೊರಗೆ ಹೋಗಲು ದೋಣಿ ಹತ್ತಿ ಇಳಿಯಬೇಕು, ರಾತ್ರಿ ನೀರಿನ ತಂಪು ಮೂಳೆಗೆ ತಾಗುತ್ತದೆ. ಒಂದು ರಾತ್ರಿ ದೋಣಿ, ಮೂರು ರಾತ್ರಿ ನೆಲ ಎಂದು ನಾವು ಹಂಚಿಕೊಂಡದ್ದು ಹಿತವಾಗಿತ್ತು. ಎಲ್ಲಿಯೇ ಉಳಿದರೂ ‘ಹಾಸಿಗೆಗೆ ಬಿಸಿ ಮಾಡುವ ವಿದ್ಯುತ್ ಕಂಬಳಿ ಇದೆಯೇ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ’ ಎಂಬ ಎರಡು ಪ್ರಶ್ನೆ ಕೇಳಿಯೇ ಹಣ ಕಟ್ಟಿ.

ಸುರಕ್ಷತೆಯ ಮಾತನ್ನೂ ಮುಚ್ಚಿಡದೆ ಹೇಳಬೇಕು. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ ನಡೆದ ಉಗ್ರರ ದಾಳಿಯಲ್ಲಿ 26 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಪ್ರವಾಸಿಗರ ಬೆನ್ನಿಗೆ ನಿಂತು ಪ್ರಾಣ ಬಿಟ್ಟ ಸ್ಥಳೀಯ ಕುದುರೆಯವನೂ ಇದ್ದ. ಆಮೇಲೆ ಹಲವು ತಾಣಗಳನ್ನು ಮುಚ್ಚಿ, ಹಂತಹಂತವಾಗಿ ತೆರೆದರು. ಹೊರಡುವ ವಾರ ಆಡಳಿತದ ಸೂಚನೆಗಳನ್ನು ನೋಡಿ, ಎಲ್ಲರ ಗುರುತಿನ ಚೀಟಿ ಜೊತೆಗಿರಲಿ, ತಪಾಸಣೆಗೆ ತಾಳ್ಮೆಯಿಂದ ಸಹಕರಿಸಿ, ಭದ್ರತಾ ಸಿಬ್ಬಂದಿಯ ಮತ್ತು ಅವರ ಠಾಣೆಗಳ ಫೋಟೋ ತೆಗೆಯಬೇಡಿ. ಹೋಗಬೇಕೇ ಬೇಡವೇ ಎಂಬುದನ್ನು ಮನೆಯವರೆಲ್ಲ ಕುಳಿತು ನಿರ್ಧರಿಸಿ. ಒಬ್ಬರಿಗೆ ಮನಸ್ಸಿಲ್ಲದಿದ್ದರೂ ಒತ್ತಾಯ ಬೇಡ.

ಚೀಲದಲ್ಲಿ ಇರಬೇಕಾದದ್ದು

ಏಪ್ರಿಲ್ ಆರಂಭದಲ್ಲಿ ಬಿಸಿಲಿದ್ದರೆ ಮಧ್ಯಾಹ್ನ ಒಂದು ಸ್ವೆಟರ್ ಸಾಕು, ಮೋಡ ಕವಿದರೆ ಮೂರು ಪದರವೂ ಸಾಲದು. ಕಾಶ್ಮೀರ ಕಣಿವೆಯಲ್ಲಿ ಮಾರ್ಚ್, ಏಪ್ರಿಲ್ ಎಂದರೆ ಮಳೆಯ ತಿಂಗಳುಗಳು. ಒಂದೇ ದಪ್ಪ ಜಾಕೆಟ್ ಒಯ್ಯುವುದಕ್ಕಿಂತ ತೆಳುವಾದ ಮೂರು ಪದರ ಒಯ್ಯಿರಿ. ಕೊಡೆ, ಉಣ್ಣೆಯ ಕಾಲುಚೀಲ ಎರಡು ಜೊತೆ, ಹಿಡಿತವಿರುವ ಬೂಟು, ನೀರು ಬಿಸಿಯಾಗಿರುವ ಫ್ಲಾಸ್ಕ್. ಶ್ರೀನಗರದ ಎತ್ತರ ಸುಮಾರು 1,585 ಮೀಟರ್. ಉಸಿರಾಟಕ್ಕೆ ತೊಂದರೆಯಾಗುವ ಎತ್ತರವಲ್ಲ, ಆದರೆ ತೋಟ ಇಳಿಜಾರಿನಲ್ಲಿರುವುದರಿಂದ ಮಂಡಿನೋವಿನವರು ಊರುಗೋಲು ತರಲಿ.

ತೋಟಕ್ಕೆ ಎರಡು ಸಲ ಹೋಗಿ

ಇಷ್ಟು ದೂರ ಬಂದು ತೋಟವನ್ನು ಒಂದೇ ಸಲ ನೋಡಿ ಹೊರಟುಬಿಡಬೇಡಿ. ವಯಸ್ಕರ ಟಿಕೆಟ್ ನೂರು ರೂಪಾಯಿಯ ಒಳಗೇ ಇದೆ. ವಿಮಾನಕ್ಕೆ ಸಾವಿರಗಟ್ಟಲೆ ಕೊಟ್ಟವರು ಇದಕ್ಕೆ ಯೋಚಿಸಬೇಕಿಲ್ಲ. ಎರಡು ಸಲ ಏಕೆ ಎಂಬುದಕ್ಕೆ ಕಾರಣ ಹೂವಿನಲ್ಲೂ ಇದೆ, ಬೆಟ್ಟದಲ್ಲೂ ಇದೆ.

ಟ್ಯೂಲಿಪ್ ಬಿಸುಪಿಗೆ ಅರಳುವ, ಚಳಿಗೆ ಮುಚ್ಚಿಕೊಳ್ಳುವ ಹೂ. ರಾತ್ರಿಯಿಡೀ ಮುಚ್ಚಿಕೊಂಡಿದ್ದು ಬೆಳಿಗ್ಗೆ ಗಾಳಿ ಬೆಚ್ಚಗಾದಂತೆ ಬಿಚ್ಚಿಕೊಳ್ಳುತ್ತದೆ. ಜಬರ್ವಾನ್ ಬೆಟ್ಟ ಇರುವುದು ತೋಟದ ಪೂರ್ವಕ್ಕೆ. ಹಾಗಾಗಿ ಊರಿಗೆಲ್ಲ ಬಿಸಿಲು ಬಿದ್ದ ಮೇಲೂ ತೋಟ ಸ್ವಲ್ಪ ಹೊತ್ತು ಬೆಟ್ಟದ ನೆರಳಿನಲ್ಲೇ ಇರುತ್ತದೆ. ಬಾಗಿಲು ತೆರೆಯುವ ಹೊತ್ತಿಗೆ ಹೋದರೆ ಹೂಗಳೆಲ್ಲ ಮುಷ್ಟಿ ಬಿಗಿದಂತೆ ನಿಂತಿರುತ್ತವೆ, ಹೊರಮೈಯಲ್ಲಿ ಇಬ್ಬನಿ. ‘ಅಯ್ಯೋ, ಅರಳಿಯೇ ಇಲ್ಲವಲ್ಲ’ ಎಂದು ಹಿಂದಿರುಗಬೇಡಿ. ಆ ಹೊತ್ತಿನಲ್ಲಿ ದಾರಿಗಳು ಖಾಲಿ, ಸಾಲುಗಳ ಬಣ್ಣ ಅಚ್ಚುಕಟ್ಟು, ಮಾಲಿಗಳ ಜೊತೆ ಮಾತನಾಡಲು ಬಿಡುವು. ಅಲ್ಲೇ ಎರಡು ಗಂಟೆ ಇದ್ದರೆ ಬಿಸಿಲು ಇಳಿಜಾರಿನ ಮೇಲಿಂದ ಇಳಿದು ಬರುವುದನ್ನೂ, ಅದು ತಾಗಿದ ಸಾಲುಗಳು ಒಂದೊಂದಾಗಿ ಬಿಚ್ಚುವುದನ್ನೂ ಕಣ್ಣಾರೆ ನೋಡಬಹುದು.

ನಾವು ಎರಡನೆಯ ಸಲ ಹೋದಾಗ ಅಮ್ಮ ಕೆಂಪು ಹೂಗಳ ಪಾತಿಯೊಂದರ ಬದಿಯ ಬೆಂಚಿನಲ್ಲಿ ಕುಳಿತವಳು ಏಳಲೇ ಇಲ್ಲ. ಒಂಬತ್ತೂವರೆಗೆ ಮುಚ್ಚಿದ್ದ ಹೂ ಹತ್ತೂಕಾಲಿಗೆ ತುದಿ ಸಡಿಲಿಸಿತು, ಹನ್ನೊಂದಕ್ಕೆ ಬಟ್ಟಲಾಯಿತು. ಬಗ್ಗಿ ನೋಡಿದೆವು. ಹೊರಗೆ ಮೂರು ಎಸಳು, ಒಳಗೆ ಮೂರು. ತಳದಲ್ಲಿ ಮಸಿ ಬಳಿದಂಥ ಕಪ್ಪು, ಅದರ ಸುತ್ತ ಹಳದಿಯ ಅಂಚು. ನಡುವೆ ಮೂರು ಸೀಳಿನ ಹಸಿರು ಶಲಾಕೆ, ಸುತ್ತ ಆರು ಕಪ್ಪು ಕೇಸರಗಳು. ದೂರದಿಂದ ಬರೀ ಕೆಂಪಾಗಿ ಕಾಣುವ ಹೂವಿನೊಳಗೆ ಇಷ್ಟೆಲ್ಲ ಇದೆ ಎಂಬುದು ಫೋಟೋಗಳಿಂದ ನನಗೆ ಗೊತ್ತಾಗಿರಲಿಲ್ಲ. ಪಕ್ಕದಲ್ಲಿ ಕಳೆ ಕೀಳುತ್ತಿದ್ದ ಮಾಲಿ ಅಮ್ಮನನ್ನು ನೋಡಿ, "ಮಾಜಿ, ಮುಟ್ಟಿ ನೋಡಿ, ಎಸಳು ತಣ್ಣಗಿರುತ್ತದೆ" ಎಂದ. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡು, "ಬೇಡಪ್ಪ, ನೂರಾರು ಜನ ನೋಡುವುದಿದೆ" ಎಂದಳು. ನಾನು ಅದನ್ನು ಹಿಂದಿ ಭಾಷೆಗೆ ತಿರುಗಿಸಿ ಹೇಳಿದಾಗ ಅವನು ಎದೆಯ ಮೇಲೆ ಕೈಯಿಟ್ಟು ನಕ್ಕ.

ಅವನಿಂದಲೇ ತೋಟದ ವರ್ಷವಿಡೀ ಕೆಲಸದ ಕ್ರಮ ತಿಳಿಯಿತು. ಗೆಡ್ಡೆಗಳನ್ನು ಚಳಿಗಾಲಕ್ಕೆ ಮುನ್ನ ನೆಡುತ್ತಾರೆ. ಹಿಮದ ಅಡಿಯಲ್ಲಿ ತಿಂಗಳುಗಟ್ಟಲೆ ಚಳಿ ತಿಂದರೆ ಮಾತ್ರ ಅದು ಹೂ ಬಿಡುತ್ತದೆ. ನಮ್ಮ ಬೆಂಗಳೂರಿನ ಅಂಗಳದಲ್ಲಿ ಟ್ಯೂಲಿಪ್ ಒಗ್ಗದಿರುವುದಕ್ಕೆ ಅದೇ ಕಾರಣ. ಹೂ ಬಾಡಿದ ಕೂಡಲೇ ತಲೆ ಚಿವುಟುತ್ತಾರೆ, ಇಲ್ಲದಿದ್ದರೆ ಗಿಡದ ಸತ್ವ ಬೀಜಕ್ಕೆ ಹೋಗುತ್ತದೆ. ಎಲೆ ಹಳದಿಯಾಗುವವರೆಗೆ ಬಿಟ್ಟು ಆಮೇಲೆ ಗೆಡ್ಡೆ ಕೀಳುತ್ತಾರೆ. ಮೊದಲ ಸಲ ನಮ್ಮ ಕಣ್ಣಿಗೆ ತೋಟ ಮುಗಿದಂತೆ ಕಂಡದ್ದು ಅವರಿಗೆ ಮುಂದಿನ ವರ್ಷದ ಕೆಲಸದ ಆರಂಭವಾಗಿತ್ತು.

ಎರಡನೆಯ ಭೇಟಿ ಇನ್ನೊಂದು ದಿನ, ಮಧ್ಯಾಹ್ನ ಮೂರರ ನಂತರ ಇರಲಿ. ಆಗ ಬಿಸಿಲು ಸರೋವರದ ಕಡೆಯಿಂದ, ಪಡುವಣದಿಂದ ಬರುತ್ತದೆ. ಅರಳಿದ ಹೂಗಳ ಮುಖಕ್ಕೂ ಹಿಂದಿನ ಬೆಟ್ಟಕ್ಕೂ ಒಟ್ಟಿಗೆ ಬೆಳಕು ಬೀಳುತ್ತದೆ. ಫೋಟೋ ಬೇಕಾದವರಿಗೆ ಇದೇ ಹೊತ್ತು. ಮೇಲಿನ ಮಜಲಿನಿಂದ ಶುರುಮಾಡಿ ಕೆಳಗೆ ಇಳಿಯಿರಿ, ಹೆಚ್ಚಿನವರು ಕೆಳಗಿನ ಮಜಲಿನಲ್ಲೇ ನಿಂತು ದಣಿಯುವುದರಿಂದ ಮೇಲೆ ಜಾಗವಿರುತ್ತದೆ. ಪಾತಿಯೊಳಗೆ ಕಾಲಿಡಬೇಡಿ. ಮಕ್ಕಳನ್ನು ಹೂಗಳ ನಡುವೆ ನಿಲ್ಲಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮುರಿದ ಒಂದು ದಂಟಿನ ಹಿಂದೆ ಐದಾರು ತಿಂಗಳ ಆರೈಕೆ ಇರುತ್ತದೆ. ಇನ್ನೊಂದು ಮಾತು, ಒಳಗೆ ಹೋದಾಗ ಮೂಗಿಗೆ ಬಡಿಯುವ ಪರಿಮಳ ಟ್ಯೂಲಿಪ್‌ನದಲ್ಲ. ಅದು ನೀಲಿ, ಬಿಳಿ ಗೊಂಚಲಾಗಿ ನೆಲಕ್ಕಂಟಿದಂತೆ ಬೆಳೆಯುವ ಹಯಸಿಂತ್‌ನದು. ಕಣ್ಣು ಮುಚ್ಚಿ ಅದರ ಜಾಡು ಹಿಡಿದು ನಡೆದು ನೋಡಿ.

ಬೆಟ್ಟದ ಸೆರಗಿನ ಉಳಿದ ತೋಟಗಳು

ಬೆಳಗಿನ ಭೇಟಿ ಮುಗಿಸಿ ಅದೇ ದಿನ ಚಶ್ಮೆ ಶಾಹಿ ನೋಡಬಹುದು, ಪಕ್ಕದಲ್ಲೇ ಇದೆ. 1632ರಲ್ಲಿ ಷಹಜಹಾನನ ಕಾಲದಲ್ಲಿ ಕಟ್ಟಿದ್ದು, ಮೊಗಲರ ತೋಟಗಳಲ್ಲಿ ಚಿಕ್ಕದು. ಒಳಗಿನ ಬುಗ್ಗೆಯ ನೀರು ಕುಡಿಯಲು ಜನ ಬಾಟಲಿ ಹಿಡಿದು ನಿಂತಿರುತ್ತಾರೆ. ಅಲ್ಲಿಂದ ಮೇಲಕ್ಕೆ ಪರಿ ಮಹಲ್, ಷಹಜಹಾನನ ಮಗ ದಾರಾ ಶಿಕೋ ಕಟ್ಟಿಸಿದ ಮಜಲುಗಳ ಪಾಳು. ಊರೂ ಸರೋವರವೂ ಕಾಲಡಿಗೆ ಕಾಣುತ್ತವೆ. ನಿಶಾತ್, ಶಾಲಿಮಾರ್ ಎರಡನ್ನೂ ಒಂದೇ ದಿನ ತುರುಕಬೇಡಿ. ಒಂದನ್ನೇ ಆರಿಸುವುದಾದರೆ ನನ್ನ ಮತ ನಿಶಾತ್‌ಗೆ. ಹಿಂದೆ ಬೆಟ್ಟ, ಮುಂದೆ ನೀರು, ನಡುವೆ ಇಳಿದು ಬರುವ ಕಾಲುವೆ. ಚಿನಾರ್ ಮರಗಳು ಆಗಷ್ಟೇ ಚಿಗುರುತ್ತಿರುತ್ತವೆ. ಅದರ ಕೆಂಪು ಎಲೆಗಳನ್ನು ಹುಡುಕಬೇಡಿ, ಅವು ಶರತ್ಕಾಲದವು.

ಹಳೆಯ ಊರನ್ನು ನಡೆದೇ ನೋಡಿ

ತೋಟಕ್ಕೆ ಬಂದವರಲ್ಲಿ ಹತ್ತರಲ್ಲಿ ಒಬ್ಬರೂ ಹಳೆಯ ಊರಿಗೆ ಕಾಲಿಡುವುದಿಲ್ಲವೇನೋ ಎನಿಸುತ್ತದೆ. ನನಗಂತೂ ಶ್ರೀನಗರ ಹತ್ತಿರವಾದದ್ದು ಅಲ್ಲಿಯೇ. ಒಂದು ಪೂರ್ತಿ ಬೆಳಗನ್ನು ಇದಕ್ಕೆ ಮೀಸಲಿಡಿ, ಶುಕ್ರವಾರ ಬೇಡ. ನಗರದಲ್ಲಿ ಈಗ ವಿದ್ಯುತ್ ಬಸ್ಸುಗಳು ಓಡಾಡುತ್ತವೆ. ಆಟೋದಲ್ಲಾದರೆ ‘ಖಾನ್‌ಕಾಹ್-ಎ-ಮೌಲಾ’ ಎಂದರೆ ನೇರ ಕರೆತಂದು ಬಿಡುತ್ತಾರೆ.

ಝೇಲಂ ನದಿಯ ದಡದ, ಸೂಫಿಗಳ ಈ ಮರದ ಪ್ರಾರ್ಥನಾ ಕಟ್ಟಡ ಮೊದಲು ಎದ್ದದ್ದು 1395ರಲ್ಲಿ. ಬೆಂಕಿಗೆ ಸಿಕ್ಕಿ ಸುಟ್ಟು, ಈಗಿನ ರೂಪ ಪಡೆದದ್ದು 1732ರಲ್ಲಿ. ಚೂಪು ಗೋಪುರ, ಒಂದರ ಮೇಲೊಂದು ಕೂರಿಸಿದ ಮಾಡುಗಳು. ನೋಡಿದವರಿಗೆ ನಮ್ಮ ಮಲೆನಾಡಿನ ಮರಗೆಲಸ ನೆನಪಾಗದಿರದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆಗೆ ವಸ್ತ್ರ ಹೊದ್ದು, ಎಲ್ಲಿಯವರೆಗೆ ಹೋಗಬಹುದು ಎಂದು ಕೇಳಿಕೊಂಡೇ ಮುಂದುವರಿಯಿರಿ. ಹೊಸ್ತಿಲಿನ ಬಳಿ ನಿಂತರೂ ಗೋಡೆ, ಛಾವಣಿಗಳ ಕಾಗದದ ಮುದ್ದೆಯ ಚಿತ್ತಾರ ಕಾಣುತ್ತದೆ. ಹೂ, ಬಳ್ಳಿ, ಎಲೆ, ಅಂಗೈಯಗಲವೂ ಖಾಲಿ ಬಿಟ್ಟಿಲ್ಲ. ಹೊರಗೆ ಬಂದು ಮಾಡನ್ನು ನೋಡಿ. ಕಾಶ್ಮೀರದ ಹಳೆಯ ಕಟ್ಟಡಗಳಿಗೆ ಭೂರ್ಜದ ತೊಗಟೆ ಹಾಸಿ ಮೇಲೆ ಮಣ್ಣು ಹೊದಿಸುತ್ತಿದ್ದರು. ವಸಂತದಲ್ಲಿ ಆ ಮಣ್ಣಿನ ಮಾಡುಗಳ ಮೇಲೆಯೇ ಕಾಡು ಟ್ಯೂಲಿಪ್‌ಗಳೂ ಐರಿಸ್‌ಗಳೂ ಅರಳುತ್ತಿದ್ದವು. ಹಾಲೆಂಡಿನ ಗೆಡ್ಡೆ ಬರುವುದಕ್ಕೆ ಎಷ್ಟೋ ಮೊದಲೇ ಈ ಊರಿನವರು ಟ್ಯೂಲಿಪ್ ಬಲ್ಲವರು, ಅವರ ಮಾತಿನಲ್ಲಿ ಅದು ಗುಲ್-ಎ-ಲಾಲಾ.

ಅಲ್ಲಿಂದ ಜೈನಾ ಕದಲ್ ಕಡೆ ನಡೆಯಿರಿ. ಕದಲ್ ಎಂದರೆ ಸೇತುವೆ. ಹಳೆಯ ಊರಿನ ಬಡಾವಣೆಗಳ ಹೆಸರುಗಳೆಲ್ಲ ಸೇತುವೆಗಳ ಮೇಲೆಯೇ ನಿಂತಿವೆ. ದಾರಿಯುದ್ದಕ್ಕೂ ತಾಮ್ರದ ಅಂಗಡಿಗಳು, ಚಹಾ ಕಾಯಿಸುವ ಸಮೋವಾರ್‌ಗಳಿಗೆ ಚಿತ್ತಾರ ಕೆತ್ತುವ ಸುತ್ತಿಗೆಯ ಟಕಟಕ. ಇಟ್ಟಿಗೆಯ ಗುಮ್ಮಟಗಳುಳ್ಳ ಸಮಾಧಿಯೊಂದು ನದಿಯ ಬಳಿ ಸಿಗುತ್ತದೆ. ಜನ ಬಡ್‌ಷಾ ಎಂದು ಪ್ರೀತಿಯಿಂದ ಕರೆಯುವ ಸುಲ್ತಾನ್ ಜೈನುಲ್ ಆಬಿದೀನನ ತಾಯಿಯದು. ಮುಂದೆ ನೌಹಟ್ಟಾದ ಜಾಮಿಯಾ ಮಸೀದಿ. 378 ದೇವದಾರು ಕಂಬಗಳು, ಒಂದೊಂದೂ ಒಂದೇ ಮರದ ಕಾಂಡ. ನಡುವಿನ ಅಂಗಳದ ಬಿಸಿಲಿನಲ್ಲಿ ಮುದುಕರು ಗೋಡೆಗೊರಗಿ ಕುಳಿತಿರುತ್ತಾರೆ. ನೀವೂ ಹತ್ತು ನಿಮಿಷ ಕುಳಿತುಕೊಳ್ಳಿ, ಮೊಬೈಲ್ ಚೀಲದಲ್ಲಿರಲಿ.

ಕಾಲಿನಲ್ಲಿ ಬಲವಿದ್ದರೆ ಹರಿ ಪರ್ಬತದ ಬುಡದವರೆಗೂ ಹೋಗಬಹುದು. ಒಂದೇ ಗುಡ್ಡದ ಮೇಲೆ ಶಾರಿಕಾ ದೇವಿಯ ಸನ್ನಿಧಿ, ಮಖ್ದೂಮ್ ಸಾಹಿಬ್ ದರ್ಗಾ, ಗುರುದ್ವಾರ, ತುದಿಯಲ್ಲಿ ಕೋಟೆ. ಬುಡದಲ್ಲಿರುವ ಬಾದಾಮ್‌ವಾರಿಯ ಬಾದಾಮಿ ಹೂ ಟ್ಯೂಲಿಪ್‌ಗಿಂತ ಮುಂಚಿನದು. ಮಾರ್ಚ್ ಮುಗಿಯುವಷ್ಟರಲ್ಲಿ ಹೆಚ್ಚಿನದು ಉದುರಿರುತ್ತದೆ.

ನೀರಿನ ಮೇಲೆ ಒಂದು ನಸುಕು

ಸಂಜೆಯ ಶಿಕಾರಾ, ಅಂದರೆ ಮಾಡು ಹೊದಿಸಿದ ಚಿಕ್ಕ ದೋಣಿಯ ವಿಹಾರ, ಎಲ್ಲರೂ ಮಾಡುವುದು. ನಾನು ಹೇಳುವುದು ನಸುಕಿನದು. ಹಿಂದಿನ ಸಂಜೆಯೇ ಘಾಟಿನಲ್ಲಿ ದೋಣಿಯವನೊಂದಿಗೆ ಮಾತನಾಡಿ, ಗಂಟೆಗೆ ಎಷ್ಟು, ಒಟ್ಟು ಎಷ್ಟು ಹೊತ್ತು, ಎಲ್ಲಿ ಹತ್ತಿ ಎಲ್ಲಿ ಇಳಿಯುವುದು ಎಂಬುದನ್ನು ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ ಐದಕ್ಕೆ ಹೊರಟರೆ ತೇಲುವ ತರಕಾರಿ ಸಂತೆ ಸೇರುವ ಹೊತ್ತಿಗೆ ತಲುಪುತ್ತೀರಿ. ಏಳರೊಳಗೆ ವ್ಯಾಪಾರ ಮುಗಿದು ದೋಣಿಗಳು ಚದುರಿಬಿಡುತ್ತವೆ. ದೋಣಿಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತ ಗಂಡಸರು, ಫೆರನ್ ಎಂಬ ಉದ್ದ ನಿಲುವಂಗಿಯೊಳಗೆ ಕಾಂಗ್ರಿ ಎಂಬ ಅಗ್ಗಿಷ್ಟಿಕೆಯ ಕೆಂಡ, ಮುಂದೆ ಮೂಲಂಗಿ, ಹಾಕ್ ಸೊಪ್ಪು, ಕಮಲದ ದಂಟಿನ ಕಟ್ಟುಗಳು. ಇದು ಪ್ರವಾಸಿಗರಿಗಾಗಿ ಹೂಡಿದ ಆಟವಲ್ಲ, ಸಗಟು ಮಾರಾಟ. ಅವರ ದಾರಿಗೆ ಅಡ್ಡ ಬರದಂತೆ ಬದಿಯಲ್ಲಿ ನಿಲ್ಲಿಸಲು ದೋಣಿಯವನಿಗೆ ಹೇಳಿ. ಹೂ, ಕೇಸರಿ, ಒಡವೆ ಮಾರುವ ದೋಣಿಗಳು ಅಂಟಿಕೊಂಡು ಬರುತ್ತವೆ. ಬೇಡದಿದ್ದರೆ ಮೊದಲ ಸಲವೇ ನಯವಾಗಿ, ಸ್ಪಷ್ಟವಾಗಿ ಬೇಡವೆನ್ನಿ.

ಅದೇ ದಿನ ಬಿಸಿಲೇರುವ ಮುನ್ನ ಶಂಕರಾಚಾರ್ಯ ಬೆಟ್ಟ ಹತ್ತಿ. ಊರಿನಿಂದ ಸುಮಾರು 300 ಮೀಟರ್ ಎತ್ತರದಲ್ಲಿರುವ ಈ ಶಿವಾಲಯದ ಹತ್ತಿರದವರೆಗೆ ವಾಹನ ಹೋಗುತ್ತದೆ, ಆಮೇಲೆ ಇನ್ನೂರನಲವತ್ತರಷ್ಟು ಮೆಟ್ಟಿಲು. ಮೊಬೈಲ್, ಕ್ಯಾಮೆರಾ ಕೆಳಗೇ ಬಿಡಬೇಕು. ಆದಿ ಶಂಕರರು ಇಲ್ಲಿ ತಪಸ್ಸು ಮಾಡಿದರು ಎಂಬ ನಂಬಿಕೆಯಿದೆ, ಗುಹೆಯೊಂದನ್ನು ತೋರಿಸುತ್ತಾರೆ. ಅಮ್ಮ ಮೆಟ್ಟಿಲು ಮೆಟ್ಟಿಲಿಗೂ ನಿಂತು, ಬಾಲ್ಯದಲ್ಲಿ ಕಲಿತ ‘ನಮಸ್ತೇ ಶಾರದಾ ದೇವಿ ಕಾಶ್ಮೀರಪುರವಾಸಿನಿ’ ಹೇಳಿಕೊಂಡೇ ಹತ್ತಿದಳು. ಶೃಂಗೇರಿಯ ಮಣ್ಣಿನವರಿಗೆ ಆ ಸಾಲಿನ ಊರಿನಲ್ಲಿ ನಿಂತಾಗ ಏನಾಗುತ್ತದೆ ಎಂಬುದನ್ನು ಹೋಗಿಯೇ ತಿಳಿಯಬೇಕು. ಮೇಲಿನಿಂದ ಝೇಲಂ ನದಿಯ ಬಳುಕು ಪೂರ್ತಿ ಕಾಣುತ್ತದೆ.

ಹೊಟ್ಟೆಯ ಮಾತು

ಸಸ್ಯಾಹಾರಿಗಳು ಹೆದರಬೇಕಿಲ್ಲ. ಕಾಶ್ಮೀರಿಗಳೂ ನಮ್ಮಂತೆ ಅನ್ನ ತಿನ್ನುವವರು, ಅನ್ನಕ್ಕೆ ಅವರು ಹೇಳುವುದು ‘ಬತ್ತ’ ಎಂದೇ. ಮೊಸರಿನಲ್ಲಿ ಬೇಯಿಸಿದ ಕಮಲದ ದಂಟು, ಅಂದರೆ ನದ್ರು ಯಖ್ನಿ, ಎಣ್ಣೆಯಲ್ಲಿ ಬಾಡಿಸಿದ ಹಾಕ್ ಸೊಪ್ಪು, ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಪಂಡಿತರ ದಮ್ ಆಲೂ, ರಾಜ್ಮಾ, ಇವನ್ನು ಕೇಳಿ ತಿನ್ನಿ. ಅಡುಗೆ ಸಾಸಿವೆ ಎಣ್ಣೆಯದು, ಒಗ್ಗದವರು ಮೊದಲೇ ಹೇಳಬೇಕು. ಮಾಂಸಾಹಾರಿಗಳಿಗೆ ಹಲವು ಬಗೆಯ ಮಾಂಸದ ಔತಣವಾದ ವಾಜ್ವಾನ್ ಇದೆ. ರಿಸ್ತಾ, ಗುಶ್ತಾಬಾ, ರೋಗನ್ ಜೋಶ್ ಒಂದೇ ಊಟದಲ್ಲಿ ಬಂದರೆ ರಾತ್ರಿ ಬೇರೇನೂ ಬೇಕಾಗುವುದಿಲ್ಲ. ಚಹಾ ಎರಡು ಬಗೆ. ಕೇಸರಿ, ಏಲಕ್ಕಿ, ಬಾದಾಮಿಯ ಕಹ್ವಾ ಎಲ್ಲರಿಗೂ ಹಿಡಿಸುತ್ತದೆ. ಗುಲಾಬಿ ಬಣ್ಣದ ಉಪ್ಪಿನ ನೂನ್ ಚಾಯ್ ಮೊದಲ ಗುಟುಕಿಗೆ ಸಾರಿನಂತೆ ಎನಿಸಿದರೂ, ಕಾಂದುರನ ಅಂಗಡಿಯ ರೊಟ್ಟಿಯ ಜೊತೆ ಅದಕ್ಕಿಂತ ಒಳ್ಳೆಯದಿಲ್ಲ. ಕಾಂದುರ ಎಂದರೆ ಬೀದಿ ಬೀದಿಯಲ್ಲಿ ನಸುಕಿಗೇ ತಂದೂರ ಹಚ್ಚುವ ರೊಟ್ಟಿಯವನು. ಬೆಳಗಿನ ಗಿರ್ದಾ, ಮಧ್ಯಾಹ್ನದ ಎಳ್ಳು ಮೆತ್ತಿದ ಬಳೆಯಾಕಾರದ ಚೋಚ್ವೊರ್, ಹೊತ್ತಿಗೊಂದು ರೊಟ್ಟಿ.

ಕೊಳ್ಳುವುದು, ಹಿಂತಿರುಗುವುದು

ಕೇಸರಿ ಮತ್ತು ಪಶ್ಮೀನಾ ಎರಡಕ್ಕೂ ಭೌಗೋಳಿಕ ಸೂಚಕದ ಗುರುತು ಇದೆ, ಆ ಗುರುತಿನ ಚೀಟಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಪಾಂಪೋರ್‌ನ ಕೇಸರಿ ಹೊಲ ತೋರಿಸುತ್ತೇವೆ ಎಂದು ಯಾರಾದರೂ ಕರೆದರೆ ನೆನಪಿಡಿ, ಕೇಸರಿ ಹೂ ಬಿಡುವುದು ಅಕ್ಟೋಬರ್, ನವೆಂಬರ್‌ನಲ್ಲಿ. ವಸಂತದಲ್ಲಿ ಅಲ್ಲಿ ಹೂವಿರುವುದಿಲ್ಲ. ಆದರೂ ನಾನು ಆ ದಿಕ್ಕಿಗೆ ಹೋದೆ, ಬೇರೆ ಕಾರಣಕ್ಕೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಬಿಲ್ಹಣ ಕವಿ ಹುಟ್ಟಿದ್ದು ಅಲ್ಲೇ ಸಮೀಪದ ಖೊನಮೋಹ್‌ನಲ್ಲಿ. ಸುಮಾರು ಒಂಬೈನೂರೈವತ್ತು ವರ್ಷಗಳ ಹಿಂದೆ ಇಲ್ಲಿಂದ ಹೊರಟು ಬಸವಕಲ್ಯಾಣದವರೆಗೆ ಬಂದವನ ಊರು ನೋಡಬೇಕೆನಿಸಿತ್ತು. ನೋಡಲು ಸ್ಮಾರಕವೇನೂ ಹುಡುಕಲಿಲ್ಲ, ಬೆಟ್ಟದ ಗೆರೆಯನ್ನೂ ಹೊಲದ ಅಂಚಿನ ಹಳದಿ ಸಾಸಿವೆಯನ್ನೂ ಕಣ್ತುಂಬಿಕೊಂಡು ಬಂದೆ.

ಹಿಂತಿರುಗುವ ದಿನ ವಿಮಾನ ಹೊರಡುವ ಮೂರು ಗಂಟೆ ಮುಂಚೆಯೇ ವಿಮಾನ ನಿಲ್ದಾಣದಲ್ಲಿರಿ. ಕಟ್ಟಡ ತಲುಪುವ ಮೊದಲೇ ಎಲ್ಲರೂ ಇಳಿದು, ಸಾಮಾನೆಲ್ಲ ಇಳಿಸಿ ತಪಾಸಣೆ ಮಾಡಿಸಬೇಕು, ಒಳಗೆ ಮತ್ತೆ ಸಾಲುಗಳಿವೆ. ಬೋರ್ಡಿಂಗ್ ಪಾಸ್ ಕಾಗದದಲ್ಲಿ ಮುದ್ರಿಸಿಕೊಂಡರೆ ಅನುಕೂಲ. ಇಷ್ಟೆಲ್ಲ ಅವಸರದ ನಡುವೆಯೂ ಹೊರಡುವ ಬೆಳಗ್ಗೆ ಹೋಟೆಲಿನ ಪಕ್ಕದ ಕಾಂದುರನ ಬಳಿ ಹತ್ತು ನಿಮಿಷ ನಿಲ್ಲಿ. ನಾವು ಹನ್ನೆರಡು ಗಿರ್ದಾ ಕಟ್ಟಿಸಿಕೊಂಡೆವು. ಅವನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟ ಪೊಟ್ಟಣ ಭದ್ರತಾ ತಪಾಸಣೆಯವರೆಗೂ ಅಮ್ಮನ ಮಡಿಲಲ್ಲಿ ಬೆಚ್ಚಗಿತ್ತು. ಮರುದಿನ ಬೆಳಿಗ್ಗೆ ಮನೆಯಲ್ಲಿ ಕಾವಲಿಯ ಮೇಲೆ ಬಿಸಿಮಾಡಿ, ತುಪ್ಪ ಸವರಿ, ಫಿಲ್ಟರ್ ಕಾಫಿಯಲ್ಲಿ ಅದ್ದಿ ತಿಂದೆವು.